ಎಲ್ಲಾ ಎಚ್‌ಡಿನೇ ಭಾವ

ಪೈಪ್ ಫ್ಯಾಕ್ಟರಿಗಳ ಕಟಿಂಗು, ರಿಜೆಕ್ಟ್ ಮಾಲು ಕೊಂಡು ಕರಗಿಸಿ ದಾನಾ, ಅಂದರೆ ಪ್ಲಾಸ್ಟಿಕ್ ಕಾಳು, ಮಾಡುವ ಕಸುಬು ನಮ್ಮದು. ಪೀಣ್ಯದಲ್ಲಿ ಸಣ್ಣ ಶೆಡ್ಡು. ನಮ್ಮಂಥವರು ಎತ್ತದಿದ್ದರೆ ಈ ಮಾಲೆಲ್ಲ ಯಾವುದಾದರೂ ಹಳ್ಳಿಯ ತಲೆಗೇ ಬೀಳುವುದು. 2014ರಲ್ಲಿ ಮಂಡೂರಿನವರು ಬೆಂಗಳೂರಿನ ಕಸದ ವಿರುದ್ಧ ಬೀದಿಗಿಳಿದಿದ್ದು ಸುಮ್ಮನೆ ಅಲ್ಲ.

ಒಮ್ಮೆ ಒಂದು ಲೋಡು ಕಳಿಸಿದವನು ನನ್ನ ಭಾವಮೈದುನ. ನಾಯಂಡಹಳ್ಳಿಯಲ್ಲಿ ಗುಜರಿ ವ್ಯಾಪಾರ. ಮೊದಲೇ ಪುಡಿಯಾದ ಮಾಲು, ಕಪ್ಪು ಚೂರಿನ ನಡುವೆ ಬೂದು ಚೂರು. "ಇದೇನೋ ಬೂದು?" ಅಂದೆ. "ಎಲ್ಲಾ ಎಚ್‌ಡಿನೇ ಭಾವ, ಬಣ್ಣ ಬೇರೆ ಅಷ್ಟೇ" ಅಂದ. ಎಚ್‌ಡಿ ಅಂದರೆ ಎಚ್‌ಡಿಪಿಇ ಪ್ಲಾಸ್ಟಿಕ್. ಇನ್ನೂ ಕೆದಕಿದರೆ ಮನೆಯಲ್ಲಿ ಮುಖ ಊದುತ್ತದೆ.

ಲೋಡನ್ನು ಮೆಷಿನ್ನಿಗೆ ಹಾಕಿದೆ. ಅದರ ಬ್ಯಾರಲ್ 200 ಡಿಗ್ರಿ ಆಸುಪಾಸಿನಲ್ಲಿತ್ತು. ಎಚ್‌ಡಿ ಕರಗಿದರೆ ಮೇಣದ ವಾಸನೆ. ಅವತ್ತು ಮೂಗಿಗೆ ಹೊಡೆದದ್ದು ಆಸಿಡ್ ಘಾಟು. ಪಿವಿಸಿ! ಆ ಶಾಖಕ್ಕೆ ಅದು ಒಡೆದು ಹೈಡ್ರೋಜನ್ ಕ್ಲೋರೈಡ್ ಕಕ್ಕುತ್ತದೆ. ಡೈಯಿಂದ ಬರುತ್ತಿದ್ದ ಎಳೆ ಗುಳ್ಳೆಗುಳ್ಳೆಯಾಗಿ ತುಂಡಾಯಿತು, ಬಿಳಿ ಹೊಗೆ ಎದ್ದಿತು. ಹುಡುಗರನ್ನು ಹೊರಗೆ ಅಟ್ಟಿದೆ. ಮೆಷಿನ್ ಹಾಗೇ ನಿಲ್ಲಿಸಿದರೆ ಒಳಗಿದ್ದದ್ದು ಸುಟ್ಟು ಸ್ಕ್ರೂ ಕಚ್ಚಿಕೊಳ್ಳುತ್ತದೆ. ಮುಖಕ್ಕೆ ಒದ್ದೆ ಟವೆಲ್ ಕಟ್ಟಿ, ಶಾಖ ಇಳಿಸಿ, ಹಾಪರ್‌ಗೆ ಒಳ್ಳೆ ಎಚ್‌ಡಿ ಸುರಿಯುತ್ತಾ ನಿಂತೆ. ಸೀದ ಬೆಲ್ಲದ ಪಾಕದಂಥ ಕರಿ ಮುದ್ದೆ ಬಂದೇ ಬಂತು, ನಿಲ್ಲಲೊಲ್ಲದು. ಕಣ್ಣು ಬಿಡಲಾಗದೆ ಸದ್ದು ಕೇಳಿಯೇ ಮೋಟಾರು ಇನ್ನೂ ತಿರುಗುತ್ತಿದೆ ಅಂದುಕೊಂಡೆ. ರಾತ್ರಿಯೆಲ್ಲ ಗಂಟಲು ಉರಿ. ಆಮೇಲೆ ಸ್ಕ್ರೂ ಎಳೆದು ನೋಡಿದರೆ ಕ್ರೋಮ್ ಎದ್ದು ತುಕ್ಕು ಹಿಡಿದಿತ್ತು.

ಪಕ್ಕದವರ ದೂರಿನ ಮೇಲೆ ಬಂದ ಅಧಿಕಾರಿ ನನಗೆ ನೋಟಿಸ್ ಬರೆದರು. ಭಾವಮೈದುನನಿಗೆ ಬೆರಕೆ ಮಾಡಿ ಕೊಟ್ಟ ಫ್ಯಾಕ್ಟರಿ ಯಾವುದೆಂದು ಒಂದು ಮಾತೂ ಕೇಳಲಿಲ್ಲ. ಕಸ ಮಾಡಿದವನು ಸಾಚಾ, ಎತ್ತಿದವನು ಕಳ್ಳ!

ಈ ಕಸುಬಿಗೆ ಇಳಿಯುವವರು ಪುಡಿಯಾದ ಮಾಲು ಕೊಳ್ಳಲೇಬೇಡಿ. ಕೊಂಡರೆ ಒಂದು ಹಿಡಿ ಸೋಪಿನ ನೀರಿಗೆ ಹಾಕಿ. ಎಚ್‌ಡಿ, ಪಿಪಿ (ಪಾಲಿಪ್ರೊಪಿಲೀನ್) ತೇಲುತ್ತವೆ, ಪಿವಿಸಿ ಮುಳುಗುತ್ತದೆ. (ಬರೀ ನೀರಾದರೆ ಚೂರಿಗೆ ಗಾಳಿಗುಳ್ಳೆ ಅಂಟಿ ಮೋಸವಾಗುತ್ತದೆ.) ಫಿಲ್ಲರ್ ತುಂಬಿದ ಪಿಪಿಯೂ ಮುಳುಗಬಹುದು. ಅನುಮಾನ ಬಂದರೆ ತಾಮ್ರದ ತಂತಿ ಕೆಂಪಗೆ ಕಾಯಿಸಿ, ಚೂರಿಗೆ ಒತ್ತಿ, ಮತ್ತೆ ಉರಿಗೆ ಹಿಡಿಯಿರಿ. ಜ್ವಾಲೆ ಹಸಿರಾದರೆ ಪಿವಿಸಿ ಎಂದೇ ಲೆಕ್ಕ. ಇದನ್ನು ಗಾಳಿಯಾಡುವ ಕಡೆ ಮಾಡಿ.

ಉಳಿದ ಲೋಡನ್ನು ತೊಟ್ಟಿಯಲ್ಲಿ ಮುಳುಗಿಸಿ ಬೇರೆ ಮಾಡಿದೆವು. ಬೂದು ಚೂರು ಕಂಡ್ಯುಯಿಟ್ ಪೈಪ್ ಮಾಡುವವರಿಗೆ ಹೋಯಿತು. ಸ್ಕ್ರೂ ರಿಪೇರಿಯ ಅರ್ಧ ದುಡ್ಡು ಭಾವಮೈದುನ ಕೊಡಬೇಕು. ಕೇಳಬೇಡಿ ಅನ್ನುತ್ತಾಳೆ ನನ್ನ ಹೆಂಡತಿ. ಈ ಹಬ್ಬಕ್ಕೆ ಬರಲಿ, ಊಟಕ್ಕೆ ಕೂರುವ ಮುಂಚೆಯೇ ಕೇಳುತ್ತೇನೆ.