ಕೊಡುಗೈ ಮನುಷ್ಯನ ಮುಪ್ಪಿನ ಲೆಕ್ಕ

ದೇವದುರ್ಗದಲ್ಲಾಗಲಿ ಮಾನ್ವಿಯಲ್ಲಾಗಲಿ, ಎಂಬತ್ತು ದಾಟಿ ಬದುಕಿದ ಒಳ್ಳೆಯ ಸಂಸಾರಿಯೊಬ್ಬರು ತೀರಿಕೊಂಡಾಗ ಅಂಗಳದಲ್ಲಿ ಕೂತ ಜನ ಆಡುವ ಮಾತು ಹೆಚ್ಚುಕಡಿಮೆ ಒಂದೇ: ‘ಮನಿತನ ನಡಿಸಿದ್ರು, ಕೇಳಿದವರಿಗೆಲ್ಲಾ ಕೊಟ್ರು, ತಮಗಂತ ಏನೂ ಇಟ್ಕೊಳ್ಳಲಿಲ್ಲ.’ ಮೊದಲೆರಡು ಮಾತಿಗೆ ನಾನೂ ಕೈಮುಗಿಯುತ್ತೇನೆ. ಮೂರನೆಯದನ್ನು ಹೊಗಳಿಕೆ ಎಂದು ಒಪ್ಪಲಾರೆ. ಮನೆಮಂದಿಯ ಹಣಕಾಸನ್ನು ಹತ್ತಿರದಿಂದ ನೋಡುತ್ತ, ಅದರ ಬಗ್ಗೆ ಬರೆಯುತ್ತ ಬಂದಂತೆಲ್ಲ ಒಂದು ಅಭಿಪ್ರಾಯ ನನ್ನಲ್ಲಿ ಗಟ್ಟಿಯಾಗಿದೆ. ಕೊಡುಗೈ ಮನುಷ್ಯನಿಗೆ ಕೊನೆಯ ಉಸಿರಿನ ತನಕ ತನ್ನದೇ ಹೆಸರಿನಲ್ಲಿ ಒಂದಿಷ್ಟು ಆದಾಯ ಇರಲೇಬೇಕು. ಅದು ಅವನ ಸ್ವಾರ್ಥಕ್ಕಲ್ಲ, ಅವನ ಕೊಡುಗೈ ನಡುವೆ ನಿಂತುಹೋಗದಿರಲಿ ಎಂಬುದಕ್ಕೆ.

ದೀರ್ಘಾಯುಷ್ಯದ ವಿಚಾರದಲ್ಲಿ ಈ ಸೀಮೆಗೆ ತನ್ನದೇ ಒಂದು ದೊಡ್ಡ ನೆನಪಿದೆ. ಮಾನ್ವಿ ಬಳಿಯ ಬ್ಯಾಗವಾಟದಲ್ಲಿ 1728ರಲ್ಲಿ ಹುಟ್ಟಿ ಮುಂದೆ ಜಗನ್ನಾಥದಾಸರಾದವರಿಗೆ, ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷವನ್ನು ದಾನ ಕೊಟ್ಟರು ಎಂಬುದು ದಾಸಪರಂಪರೆಯ ನಂಬಿಕೆ. ಗೋಪಾಲದಾಸರು ನಲವತ್ತರ ಆಸುಪಾಸಿನಲ್ಲೇ ತೀರಿಕೊಂಡರು. ಜಗನ್ನಾಥದಾಸರು 1809ರವರೆಗೆ ಬಾಳಿ ‘ಹರಿಕಥಾಮೃತಸಾರ’ವನ್ನು ಕೊಟ್ಟುಹೋದರು. ಎಂಬತ್ತು ವರ್ಷ ಬದುಕುವುದು ಆಗ ದೈವಕೃಪೆಯಷ್ಟೇ ಅಪರೂಪ. ಸ್ವಾತಂತ್ರ್ಯ ಬಂದ ಕಾಲಕ್ಕೂ ಭಾರತೀಯರ ಸರಾಸರಿ ಆಯುಷ್ಯ ಮೂವತ್ತೆರಡರ ಹತ್ತಿರವಿತ್ತು, ಇಂದು ಎಪ್ಪತ್ತರ ಹತ್ತಿರವಿದೆ. ಈ ಸರಾಸರಿಗಿಂತ ಮುಖ್ಯವಾದ ಸಂಗತಿ ಬೇರೆ. ಅರವತ್ತು ಮುಟ್ಟಿದ ಗಂಡಸು ಸರಾಸರಿಯಲ್ಲಿ ಇನ್ನೂ ಹದಿನೇಳು ವರ್ಷದಷ್ಟು ಬದುಕುತ್ತಾನೆ. ಸರಾಸರಿಯೆಂದ ಮೇಲೆ ಅನೇಕರು ಎಂಬತ್ತೈದನ್ನೂ ದಾಟುತ್ತಾರೆ. ಲಸಿಕೆ, ಔಷಧಿ, ಕುಡಿಯುವ ನೀರು ನಮಗೆ ವರ್ಷಗಳನ್ನು ಕೊಟ್ಟವು. ಆ ವರ್ಷಗಳ ಖರ್ಚನ್ನು ಯಾರೂ ಕೊಡಲಿಲ್ಲ.

ಆ ಖರ್ಚು ಎಷ್ಟೆಂದು ಒಮ್ಮೆ ಲೆಕ್ಕ ಹಾಕೋಣ. ಬೆಲೆಗಳು ವರ್ಷಕ್ಕೆ ಶೇ 6ರಂತೆ ಏರಿದರೆ ಹನ್ನೆರಡು ವರ್ಷಕ್ಕೆ ದುಪ್ಪಟ್ಟಾಗುತ್ತವೆ. ಅರವತ್ತನೇ ವಯಸ್ಸಿನಲ್ಲಿ ಗಂಡಹೆಂಡತಿಗೆ ತಿಂಗಳಿಗೆ 15,000 ರೂಪಾಯಿ ಸಾಕಾಗುತ್ತಿದ್ದರೆ, ಅದೇ ಊಟ, ಅದೇ ಮಾತ್ರೆ, ಅದೇ ಬಸ್ಸಿಗೆ ಎಂಬತ್ತನಾಲ್ಕರಲ್ಲಿ 60,000 ಬೇಕು. ಸರ್ಕಾರಿ ನೌಕರಿಯಿಂದ ನಿವೃತ್ತರಾದವರಿಗೆ ಪಿಂಚಣಿಯ ಆಸರೆಯಿದೆ. ರಾಯಚೂರಿನ ಗಂಜಿನಲ್ಲಿ ಅಡತಿ ಅಂಗಡಿ ನಡೆಸಿದವರಿಗೆ, ಕಿರಾಣಿ ಇಟ್ಟವರಿಗೆ, ಹೊಲ ನಂಬಿದವರಿಗೆ ಅದಿಲ್ಲ. ಹೊಲವೇ ಪಿಂಚಣಿ ಎನ್ನುವವರು ಇತ್ತೀಚಿನ ಎರಡು ವರ್ಷವನ್ನು ನೆನೆಯಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಯಿತು. ಗೇಟುಗಳನ್ನು ಬದಲಿಸುವ ಕೆಲಸಕ್ಕಾಗಿ 2025–26ರಲ್ಲಿ ಎರಡನೇ ಬೆಳೆಗೆ ನೀರು ಬಿಡದಿರಲು ತೀರ್ಮಾನವಾಯಿತು. ಎಡದಂಡೆ ಕಾಲುವೆಯ ಕೊನೆಯ ಭಾಗದಲ್ಲಿರುವ ಮಾನ್ವಿ, ರಾಯಚೂರು ಕಡೆಯ ಹೊಲಗಳಿಗೆ ನೀರು ಮುಟ್ಟುವುದು ಒಳ್ಳೆಯ ವರ್ಷದಲ್ಲೂ ಕಷ್ಟ. ಬಾಯಿಮಾತಿನ ಲೀಸಿಗೆ ಕೊಟ್ಟ ನಾಲ್ಕೆಕರೆಯ ದುಡ್ಡು ಆ ವರ್ಷ ಅರ್ಧಕ್ಕಿಳಿದರೆ ಮುದುಕರ ಮಾತ್ರೆಯ ಬೆಲೆ ಇಳಿಯುವುದಿಲ್ಲ.

ಒಳ್ಳೆಯ ಮನುಷ್ಯನ ಮುಪ್ಪನ್ನು ಬರಿದು ಮಾಡುವುದು ಹೆಚ್ಚಾಗಿ ದುಂದುಗಾರಿಕೆಯಲ್ಲ, ಆತನ ಒಳ್ಳೆಯತನದ ಎರಡು ಸಹಿಗಳು. ಒಂದು, ಜಾಮೀನಿನ ಸಹಿ. ಬೀಗರ ಮಗನ ಟ್ರ್ಯಾಕ್ಟರ್ ಸಾಲಕ್ಕೆ ‘ಹೆಸರಿಗಷ್ಟೇ ಒಂದ್ ಸಹಿ ಹಾಕ್ರಿ’ ಎಂದಾಗ ಇಂಥವರು ಇಲ್ಲವೆನ್ನಲಾರರು. ಆದರೆ 1872ರ ಗುತ್ತಿಗೆ ಕಾಯ್ದೆಯ 128ನೇ ಕಲಮಿನ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ಜಾಮೀನುದಾರನ ಹೊಣೆ ಸಾಲ ಪಡೆದವನಷ್ಟೇ. ಸಾಲಗಾರ ಊರು ಬಿಟ್ಟರೆ ಬ್ಯಾಂಕು ಬರುವುದು ಊರಲ್ಲಿರುವ ಗೌರವಸ್ಥರ ಬಾಗಿಲಿಗೆ. ಎರಡನೆಯದು, ಆಸ್ತಿ ಹಂಚಿಕೆಯ ಸಹಿ. ಎಪ್ಪತ್ತು ತುಂಬುತ್ತಿದ್ದಂತೆ ‘ಕಣ್ಣಿದ್ದಾಗಲೇ ಪಾಲು ಮಾಡಿಬಿಡೋಣ’ ಎಂದು ಮನೆ, ಹೊಲ, ಪ್ಲಾಟು ಎಲ್ಲವನ್ನೂ ಮಕ್ಕಳ ಹೆಸರಿಗೆ ಬರೆದುಕೊಟ್ಟು, ತಾವು ಹದಿನೈದು ವರ್ಷ ಅತಿಥಿಯಾಗಿ ಉಳಿಯುತ್ತಾರೆ. ಕಾನೂನು ಈ ಕಷ್ಟವನ್ನು ಗುರುತಿಸಿದೆ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಷರತ್ತು ಮುರಿದರೆ ಹಿಂಪಡೆಯಲು ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಕಲಮು ಅವಕಾಶ ಕೊಡುತ್ತದೆ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇಂಥದೇ ದಾನಪತ್ರವೊಂದನ್ನು ರದ್ದುಪಡಿಸಿತು. ಆದರೆ ಷರತ್ತನ್ನು ಕಾಗದದ ಮೇಲೆ ಬರೆಸಿದ್ದರೆ ದಾರಿ ಸುಲಭ, ಬರೆಸದಿದ್ದರೆ ಅದಿತ್ತೆಂದು ತೋರಿಸುವುದೇ ಒಂದು ಹೋರಾಟ. ಮತ್ತು ಮಗನ ಮೇಲೆ ಅರ್ಜಿ ಹಾಕಲು ಲಿಂಗಸುಗೂರಿಗೋ ರಾಯಚೂರಿಗೋ ಹೋಗಿ ನಿಲ್ಲುವ ಮನಸ್ಸು ಇಂಥ ತಂದೆಗೆ ಬರುವುದೇ ಇಲ್ಲ. ಆದ್ದರಿಂದಲೇ ಕೊಟ್ಟ ಮೇಲೆ ಹಿಂಪಡೆಯುವ ಹಕ್ಕಿಗಿಂತ, ಕೊಡದೆ ಉಳಿಸಿಕೊಂಡ ಒಂದು ಭಾಗ ದೊಡ್ಡದು. ಉಳಿಸಿಕೊಂಡದ್ದನ್ನು ಉಯಿಲಿನಲ್ಲಿ ಬರೆದಿಡಬಹುದು. ಅದಕ್ಕೆ ಛಾಪಾ ಕಾಗದ ಬೇಕಿಲ್ಲ, ನೋಂದಣಿಯೂ ಕಡ್ಡಾಯವಲ್ಲ. ಇಬ್ಬರು ಸಾಕ್ಷಿಗಳ ಸಹಿ ಬೇಕು, ಮತ್ತು ಬದುಕಿರುವ ತನಕ ಬದಲಿಸಬಹುದು.

‘ಮಕ್ಕಳನ್ನೇ ನಂಬದಿದ್ದರೆ ಸಂಸಾರ ಯಾಕೆ?’ ಎಂದು ಕೇಳುವವರಿದ್ದಾರೆ. ಗಟ್ಟಿ ಪ್ರಶ್ನೆಯೇ. ನಮ್ಮ ಕಡೆ ಬಹುತೇಕ ಮಕ್ಕಳು ತಂದೆತಾಯಿಯನ್ನು ಕೈಬಿಡುವುದಿಲ್ಲ, ಇದನ್ನು ನಾನು ಮನಸಾರೆ ಹೇಳುತ್ತೇನೆ. ಆದರೆ ಬೆಂಗಳೂರಿನಲ್ಲಿ ಮನೆಸಾಲದ ಕಂತು, ಮಕ್ಕಳ ಫೀಸು ಕಟ್ಟುತ್ತಿರುವ ಮಗನಿಗೆ ಪ್ರೀತಿ ಕಡಿಮೆ ಇರುವುದಿಲ್ಲ, ತಿಂಗಳ ಕೊನೆಯಲ್ಲಿ ದುಡ್ಡು ಕಡಿಮೆ ಇರುತ್ತದೆ. ಅಪ್ಪನಿಗೆ ಹೃದಯದ ತೊಂದರೆಯಾಗಿ ಹೈದರಾಬಾದಿಗೆ ಕರೆದೊಯ್ಯಬೇಕಾದಾಗ ಆತ ಸಾಲ ಮಾಡುತ್ತಾನೆ. ತನ್ನ ಖರ್ಚಿಗೆ ತಾನೇ ಇಟ್ಟುಕೊಂಡ ತಂದೆ ಮಗನನ್ನು ನಂಬದವನಲ್ಲ, ಮಗನ ಹೆಗಲ ಭಾರ ಇಳಿಸಿದವನು. ಇನ್ನು ‘ಇಟ್ಟುಕೊಂಡವನು ಕೊಡುಗೈ ಹೇಗಾದಾನು?’ ಎಂಬ ಆಕ್ಷೇಪ. ಹಿರಿಯರ ಉಳಿತಾಯ ಯೋಜನೆಯಲ್ಲಿ ಹತ್ತು ಲಕ್ಷ ಇಟ್ಟವರಿಗೆ ಶೇ 8.2ರ ದರದಲ್ಲಿ ಮೂರು ತಿಂಗಳಿಗೊಮ್ಮೆ 20,500 ರೂಪಾಯಿ ಬರುತ್ತದೆ. 2023ರಿಂದ ಇದರ ಮಿತಿ 30 ಲಕ್ಷಕ್ಕೆ ಏರಿದೆ. ಆ ದುಡ್ಡಿನಿಂದ ಮೊಮ್ಮಗಳ ಪುಸ್ತಕಕ್ಕೆ, ಅಂಗಡಿಯಲ್ಲಿ ದುಡಿದಿದ್ದ ಹುಡುಗನ ಮದುವೆಯ ಆಯೇರಿಗೆ ಕೊಡುವ ಮುದುಕರು ಎಂಬತ್ತೈದರಲ್ಲೂ ಕೊಡುವವರೇ. ಅರವತ್ತೈದಕ್ಕೇ ಎಲ್ಲ ಕೊಟ್ಟು ಮುಗಿಸಿದವರು ಆಮೇಲೆ ಇಪ್ಪತ್ತು ವರ್ಷ ಕೇಳುವವರಾಗುತ್ತಾರೆ. ಅವರ ಹೆಂಡತಿ ಇನ್ನೂ ಹೆಚ್ಚು ಕಾಲ ಕೇಳುವವಳಾಗುತ್ತಾಳೆ, ಏಕೆಂದರೆ ಹೆಂಗಸರ ಆಯುಷ್ಯ ಹೆಚ್ಚು, ಅವರ ಹೆಸರಿನಲ್ಲಿರುವುದು ಕಡಿಮೆ. ಶ್ರದ್ಧಾಂಜಲಿಯ ಮಾತುಗಳಲ್ಲಿ ಆಕೆಯ ಪ್ರಸ್ತಾಪ ಬರುವುದೇ ಇಲ್ಲ.

ಕಡೆಯ ಆಕ್ಷೇಪವೇ ನನ್ನನ್ನು ಹೆಚ್ಚು ಕಾಡುವುದು: ಹತ್ತು ಲಕ್ಷ ಕಂಡೇ ಇಲ್ಲದವರು ಏನು ಇಟ್ಟುಕೊಂಡಾರು? ದೇವದುರ್ಗದಲ್ಲಿ ಅಂಥ ಮನೆಗಳೇ ಬಹಳ. ಸಂಧ್ಯಾ ಸುರಕ್ಷಾ ಯೋಜನೆಯ ತಿಂಗಳ 1,200 ರೂಪಾಯಿ ಬಿ.ಪಿ., ಶುಗರ್ ಮಾತ್ರೆಗೇ ಮುಗಿಯುತ್ತದೆ. ಅಲ್ಲಿ ಕರ್ತವ್ಯ ಮಕ್ಕಳ ಕಡೆಗೆ ಬರುತ್ತದೆ. ಎಷ್ಟೇ ಚಿಕ್ಕ ಮೊತ್ತವಿರಲಿ, ಕೇಳಿದಾಗ ಕೈಗೆ ಕೊಡುವ ಬದಲು ಪ್ರತಿ ತಿಂಗಳು ಒಂದೇ ತಾರೀಕಿಗೆ ತಂದೆಯ ಖಾತೆಗೆ, ಸಾಧ್ಯವಾದರೆ ತಾಯಿಯ ಖಾತೆಗೂ ಬೇರೆಯಾಗಿ ಹಾಕಲಿ. ಎಟಿಎಂ ಕಾರ್ಡು, ಪಾಸ್‌ಬುಕ್ಕು ಅವರ ಬಳಿಯೇ ಇರಲಿ. ನಾಮಿನಿಯ ಹೆಸರನ್ನು ಅವರೇ ಹೇಳಿ ಬರೆಸಲಿ. ಆ ದುಡ್ಡಿನಲ್ಲಿ ಐದು ನೂರನ್ನು ಅವರು ಪಕ್ಕದ ಮನೆಯವರಿಗೆ ಕೈಗಡ ಕೊಟ್ಟರೆ, ಅದು ತಿರುಗಿ ಬಂತೋ ಇಲ್ಲವೋ ಎಂದು ಯಾರೂ ಕೇಳದಿರಲಿ.