ಕಾಡ್ಗಿಚ್ಚು: ಹಳಿಯಾಳ, ದಾಂಡೇಲಿ, ಜೊಯಿಡಾ, ಮುಂಡಗೋಡ

ಹಿನ್ನೆಲೆ: ಕಾಡು ಸುಟ್ಟು ಬೆಳೆ ತೆಗೆಯುವ ಕುಮರಿ ಬೇಸಾಯಕ್ಕೆ ಬ್ರಿಟಿಷ್ ಆಡಳಿತ 19ನೇ ಶತಮಾನದಲ್ಲಿ ನಿರ್ಬಂಧ ಹೇರಿತು. ಇದರಿಂದ ಈ ಬೇಸಾಯವನ್ನೇ ನಂಬಿದ್ದ ಕುಣಬಿ ಸಮುದಾಯದ ಬದುಕಿಗೆ ಪೆಟ್ಟು ಬಿತ್ತು.

ಕಾರಣ: ಹಳಿಯಾಳ, ಮುಂಡಗೋಡದ ಎಲೆ ಉದುರುವ ಕಾಡುಗಳಲ್ಲಿ ಫೆಬ್ರವರಿಯಿಂದ ಮೇವರೆಗೆ ದರಕು (ಉದುರಿದ ಒಣ ಎಲೆ), ಒಣಹುಲ್ಲು, ಹೂಬಿಟ್ಟು ಸತ್ತ ಬಿದಿರು ಬೇಗ ಹೊತ್ತಿಕೊಳ್ಳುತ್ತವೆ. ಹೆಚ್ಚಿನ ಬೆಂಕಿ ಮನುಷ್ಯನಿಂದಲೇ. ಜೊಯಿಡಾದ ನಿತ್ಯಹರಿದ್ವರ್ಣ ಕಾಡಿನಲ್ಲಿ ತೇವ ಹೆಚ್ಚು, ಅಪಾಯ ಕಡಿಮೆ.

ಪರಿಣಾಮ: ಎಳೆಯ ಸಸಿಗಳು ಸಾಯುತ್ತವೆ, ಮಳೆಗೆ ಮಣ್ಣು ಕೊಚ್ಚಿಹೋಗುತ್ತದೆ. ಗೌಳಿಗರ ದನಗಳಿಗೆ ಮೇವಿಲ್ಲ. ಸಿದ್ದಿ, ಕುಣಬಿ ಕುಟುಂಬಗಳಿಗೆ ಜೇನು, ಕಿರು ಅರಣ್ಯ ಉತ್ಪನ್ನಗಳ ಆದಾಯವಿಲ್ಲ.

ತಡೆ: ಬೇಸಿಗೆಗೆ ಮೊದಲೇ ಬೆಂಕಿ ರೇಖೆ (ಗಿಡ, ಹುಲ್ಲು ತೆಗೆದ ಪಟ್ಟಿ), ಬೆಂಕಿ ಕಾವಲುಗಾರರು, ಭಾರತೀಯ ಅರಣ್ಯ ಸರ್ವೇಕ್ಷಣೆಯ ಉಪಗ್ರಹ ಎಚ್ಚರಿಕೆ. ಹಳ್ಳಿಗರ ಸಹಕಾರವಿಲ್ಲದೆ ಇವು ಸಾಲವು.

ನೆನಪಿಡಿ
- 1963: ಕರ್ನಾಟಕ ಅರಣ್ಯ ಕಾಯ್ದೆ, ಮೀಸಲು ಅರಣ್ಯಕ್ಕೆ ಬೆಂಕಿ ಹಚ್ಚುವುದು ಅಪರಾಧ.
- 2007: ಅಣಶಿ–ದಾಂಡೇಲಿ ಹುಲಿ ಸಂರಕ್ಷಿತ ಪ್ರದೇಶ, 2015ರಲ್ಲಿ 'ಕಾಳಿ' ಎಂದು ಮರುನಾಮಕರಣ.
- 2019, ಫೆಬ್ರವರಿ: ಬಂಡೀಪುರ ಕಾಡ್ಗಿಚ್ಚು, ವಾಯುಪಡೆ ಹೆಲಿಕಾಪ್ಟರ್‌ಗಳಿಂದ ನೀರು ಸುರಿಯಲಾಯಿತು.

ಮಾದರಿ ಪ್ರಶ್ನೆ: ಎಲೆ ಉದುರುವ ಕಾಡಿಗೆ ಬೆಂಕಿಯ ಅಪಾಯ ಏಕೆ ಹೆಚ್ಚು?
ಉತ್ತರ: ಬೇಸಿಗೆಯಲ್ಲಿ ನೆಲದ ಮೇಲೆ ಒಣ ದರಕಿನ ಹಾಸು ದಟ್ಟವಾಗಿರುವುದರಿಂದ.