ಹಾಸನದ ಹಠಾತ್ ಸಾವುಗಳು: ಕಾರಣ ಕೇಳುವ ಹಕ್ಕು ಯಾರದು?

ವೈದ್ಯಕೀಯ ನೀತಿಶಾಸ್ತ್ರ ನಿಮಗೆ ಹೊಸ ವಿಷಯವಾಗಿದ್ದರೆ ನಮ್ಮ ಜಿಲ್ಲೆಯಿಂದಲೇ ಪಾಠ ಶುರುಮಾಡೋಣ. 2025ರ ಮೇ ಕೊನೆಯಿಂದ ಜೂನ್ ಕೊನೆಯವರೆಗೆ ಹಾಸನ ಜಿಲ್ಲೆಯಲ್ಲಿ 20ಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡರೆಂದು ಸುದ್ದಿಯಾಯಿತು. ಅವರಲ್ಲಿ ಹರೆಯದವರೂ ಇದ್ದರು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಮನೆಮನೆಗಳಲ್ಲೂ ಅದೇ ಮಾತು. ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ತಪಾಸಣೆಗೆ ಜನ ಮುಗಿಬಿದ್ದರು. ಕೋವಿಡ್ ಲಸಿಕೆಯ ಮೇಲೂ ಅನುಮಾನ ಹರಡಿತು.

ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ರಚಿಸಿತು. ಸಮಿತಿ 24 ಸಾವುಗಳನ್ನು ಪರಿಶೀಲಿಸಿತು. ಅವುಗಳಲ್ಲಿ 4 ಸಾವುಗಳಿಗೆ ಹೃದಯದ ಸಂಬಂಧವೇ ಇರಲಿಲ್ಲ. ಒಂದು ರಸ್ತೆ ಅಪಘಾತವೂ ಪಟ್ಟಿಗೆ ಸೇರಿಕೊಂಡಿತ್ತು. ಉಳಿದ 20ರಲ್ಲಿ ಸುಮಾರು ಅರ್ಧದಷ್ಟನ್ನು ಮಾತ್ರ ಹೃದ್ರೋಗವೆಂದು ಖಚಿತವಾಗಿ ಹೇಳಲು ಸಾಧ್ಯವಾಯಿತು. ಮಿಕ್ಕವು ‘ಸಂಭಾವ್ಯ’, ಅಂದರೆ ಹಾಗಿರಬಹುದು ಎಂಬ ಊಹೆ. ಲಸಿಕೆಗೂ ಈ ಸಾವುಗಳಿಗೂ ನಂಟು ಕಾಣಲಿಲ್ಲವೆಂದು ವರದಿ ಹೇಳಿತು.

ಆ ‘ಸಂಭಾವ್ಯ’ದ ಹತ್ತಿರ ಸ್ವಲ್ಪ ನಿಲ್ಲಿ. ಹೃದಯದ ರಕ್ತನಾಳ ಕಟ್ಟಿಕೊಂಡು ಅದರ ಸ್ನಾಯು ಸಾಯುವುದು ಹೃದಯಾಘಾತ. ಹೃದಯ ನಿಂತುಹೋಗುವುದಾದರೋ ಪ್ರತಿಯೊಂದು ಸಾವಿನಲ್ಲೂ ಇರುವಂಥದ್ದು. ಆದ್ದರಿಂದ ಅದಷ್ಟನ್ನೇ ಬರೆದರೆ ಸಾವಿನ ಕಾರಣ ಹೇಳಿದಂತಾಗುವುದಿಲ್ಲ. ಮನೆಯಲ್ಲಿ ಕುಸಿದುಬಿದ್ದವರನ್ನು ಅಂದೇ ಸಂಜೆ ಮಣ್ಣು ಮಾಡಿದರೆ ನಿಜವಾದ ಕಾರಣವೂ ಅವರೊಂದಿಗೇ ಹೋಗುತ್ತದೆ.

ಅದನ್ನು ತಿಳಿಯುವ ದಾರಿ ಮರಣೋತ್ತರ ಪರೀಕ್ಷೆ, ಊರಿನ ಮಾತಿನಲ್ಲಿ ಪಿಎಂ. ಇದರಲ್ಲಿ ಎರಡು ಬಗೆಯಿದೆ. ಆತ್ಮಹತ್ಯೆ, ಕೊಲೆ, ಅಪಘಾತ ಅಥವಾ ಅನುಮಾನಾಸ್ಪದ ಸಾವಾದರೆ ಪೊಲೀಸರು ತನಿಖೆ ನಡೆಸಿ ಪಿಎಂ ಮಾಡಿಸುತ್ತಾರೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಂ ಅವರಿಗೆ ಆ ಅಧಿಕಾರ ಕೊಡುತ್ತದೆ. ಮನೆಯವರ ಒಪ್ಪಿಗೆ ಬೇಕಿಲ್ಲ. ಎರಡನೆಯದು ರೋಗವನ್ನು ಅರಿಯಲು ವೈದ್ಯರು ಮಾಡುವ ಪರೀಕ್ಷೆ. ಇಲ್ಲಿ ಹತ್ತಿರದ ಬಂಧುಗಳ ಸಮ್ಮತಿ ಬೇಕು. ಏನು ಮಾಡುತ್ತಾರೆ, ಏಕೆ ಮಾಡುತ್ತಾರೆ ಎಂದು ತಿಳಿದ ಮೇಲೆ, ಯಾರ ಒತ್ತಡವೂ ಇಲ್ಲದೆ ಕೊಡುವ ಒಪ್ಪಿಗೆಯೇ ಸಮ್ಮತಿ. ತಿಳಿವಳಿಕೆ, ಸ್ವಾತಂತ್ರ್ಯ ಎರಡರಲ್ಲಿ ಒಂದು ತಪ್ಪಿದರೂ ಕಾಗದದ ಮೇಲಿನ ಸಹಿಗೆ ಬೆಲೆಯಿಲ್ಲ.

2025ರ ಜುಲೈನಲ್ಲಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಒಂದು ನಿರ್ಧಾರ ಪ್ರಕಟಿಸಿದರು: ಆಸ್ಪತ್ರೆಯ ಹೊರಗೆ ಆಗುವ ಹಠಾತ್ ಸಾವುಗಳನ್ನು ಸರ್ಕಾರಕ್ಕೆ ತಿಳಿಸಬೇಕು, ಪಿಎಂ ಕಡ್ಡಾಯವಾಗಬೇಕು. ಇಲ್ಲಿ ಎರಡು ಒಳಿತುಗಳು ಎದುರುಬದುರಾಗುತ್ತವೆ. ಕಾರಣ ಗೊತ್ತಾದರೆ ಬದುಕಿರುವ ಅಣ್ಣತಮ್ಮಂದಿರಿಗೆ, ಮಕ್ಕಳಿಗೆ ಉಪಯೋಗ. ಹೃದಯದ ಕೆಲವು ಕಾಯಿಲೆಗಳು ವಂಶದಲ್ಲಿ ಹರಿದುಬರುತ್ತವೆ. ಇತ್ತ ಹೆಣದ ಮುಂದೆ ಕೂತ ತಾಯಿಗೆ ‘ಕೊಯ್ಯುತ್ತಾರೆ’ ಎಂಬ ಮಾತೇ ಮತ್ತೊಂದು ಸಾವು.

ನನ್ನ ಅಭಿಪ್ರಾಯ ಕೇಳಿದರೆ, ಕಡ್ಡಾಯದ ಉದ್ದೇಶ ಸರಿ. ಆದರೆ ವಿವರಿಸದೆ ಹೇರಿದರೆ ಜನ ಸಾವನ್ನೇ ಮುಚ್ಚಿಡುತ್ತಾರೆ. ಪರಿಚಯದ ವೈದ್ಯರೋ ಆಶಾ ಕಾರ್ಯಕರ್ತೆಯೋ ಮನೆಯವರ ಪಕ್ಕ ಕೂತು ಹೇಳಬೇಕು. ದೇಹವನ್ನು ಎಷ್ಟು ಹೊತ್ತಿಗೆ ಮರಳಿಸುತ್ತಾರೆಂಬುದನ್ನೂ ಹೇಳಬೇಕು, ಏಕೆಂದರೆ ಹಳ್ಳಿಯಲ್ಲಿ ಮೊದಲು ಕೇಳುವುದೇ ಅದನ್ನು. ಒಪ್ಪದವರಿಗೆ ಮೌಖಿಕ ಶವಪರೀಕ್ಷೆ ಎಂಬ ಇನ್ನೊಂದು ದಾರಿಯಿದೆ. ಹೆಸರು ಕೇಳಿ ಹೆದರಬೇಡಿ, ಅಲ್ಲಿ ಕತ್ತರಿ ಇಲ್ಲ. ಕೊನೆಯ ದಿನಗಳ ಲಕ್ಷಣಗಳನ್ನು ಮನೆಯವರಿಂದ ಕ್ರಮವಾಗಿ ಕೇಳಿ ಬರೆದುಕೊಂಡು ವೈದ್ಯರು ಕಾರಣ ಅಂದಾಜಿಸುತ್ತಾರೆ. ಪಿಎಂನಷ್ಟು ನಿಖರವಲ್ಲ, ಏನೂ ಇಲ್ಲದಿರುವುದಕ್ಕಿಂತ ಎಷ್ಟೋ ಮೇಲು.

ಗೋಪ್ಯತೆಯ ವಿಚಾರದಲ್ಲಿ ಮಾತ್ರ ನನಗೆ ಎರಡು ಮನಸ್ಸಿಲ್ಲ. ಆ ದಿನಗಳಲ್ಲಿ ಸತ್ತವರ ಹೆಸರು, ಫೋಟೊ, ಕುಸಿದುಬಿದ್ದ ವಿಡಿಯೊ ಮೊಬೈಲಿನಿಂದ ಮೊಬೈಲಿಗೆ ಓಡಾಡಿದವು. ಅದಕ್ಕೆ ಯಾರೂ ಸಮ್ಮತಿ ಕೊಟ್ಟಿರಲಿಲ್ಲ.

ಕೊನೆಗೆ, ನೀವೇ ಮಾಡಬಹುದಾದ ಒಂದು ಕೆಲಸ. ಜನನ ಮರಣ ನೋಂದಣಿ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ಬಂದಿದೆ. ಅದರಂತೆ ಆಸ್ಪತ್ರೆಯಲ್ಲಿ ಸಾವಾದರೆ ಮರಣ ಕಾರಣದ ಪ್ರಮಾಣಪತ್ರವನ್ನು ಆಸ್ಪತ್ರೆಯವರು ಶುಲ್ಕವಿಲ್ಲದೆ ಕೊಡಬೇಕು, ಅದರ ಪ್ರತಿ ಹತ್ತಿರದ ಬಂಧುವಿಗೂ ಸಲ್ಲಬೇಕು. ಅಂಥ ದಿನ ಬಂದರೆ ಅದನ್ನು ಕೇಳಿ ಪಡೆಯಿರಿ. ಅದರಲ್ಲಿ ‘ಹೃದಯ ಸ್ತಂಭನ’ ಎಂದಷ್ಟೇ ಇದ್ದರೆ, ಅದಕ್ಕೆ ಕಾರಣವೇನೆಂದು ಇನ್ನೊಮ್ಮೆ ಕೇಳಿ.